ಉಪ್ಪು

ಮಗ್ರಿಬ್ ಬಾಂಗು ಮುಗಿದು ಅರ್ಧ ತಾಸಿಗೆ
ಘುಬ್ರಾದ ಒಣ ವಾದಿಗೆ ಇಳಿಯುತ್ತೇವೆ,
ನಾಯಿ ಮುಂದೆ, ನಾವು ಹಿಂದೆ.
ಇಳಿಯುವ ಮೊದಲು ಅಂಗೈ ಮಗುಚಿ
ಡಾಂಬರಿನ ಮೇಲೆ ಏಳು ಎಣಿಸುವ ತನಕ ಇಡಬೇಕು.
ನಿನಗೆ ಸುಟ್ಟರೆ ಅದಕ್ಕೂ ಸುಡುತ್ತದೆ.
ಇದು ಬೀನಾ ಕುರುವಿಳಾ ಹೇಳಿಕೊಟ್ಟ ಮೊದಲ ಪಾಠ.

ಪಾಠಗಳಿಗೆ ಇಲ್ಲಿ ಬರವಿಲ್ಲ.
ಚಪ್ಪಲಿ ಕಡಿದರೆ ಬೈಯಬೇಡ, ತಣ್ಣನೆಯ ಗಜ್ಜರಿ ಕೊಡು.
ಮೈಮೇಲೆ ಹಾರಿದರೆ ಬೆನ್ನು ತಿರುಗಿಸು.
ಹಗ್ಗ ಜಗ್ಗಿದರೆ ನಿಂತುಬಿಡು, ಮರದ ಹಾಗೆ.
ಹೈಥಮ್ ನಿಂತು ತೋರಿಸುತ್ತಾನೆ;
ಅವನ ಸಲೂಕಿ ಮರವನ್ನೇ ಎಳೆದುಕೊಂಡು
ಬೆಕ್ಕಿನ ಹಿಂದೆ ಹೋಗುತ್ತದೆ.

ಆಮೇಲೆ ಫೋನುಗಳು ಹೊರಬರುತ್ತವೆ.
ಹಲ್ಲಿನ ಡಾಕ್ಟರ್ ಶೆರೀಫ್ ತನ್ನ ಪಗ್‌ನ
ದವಡೆಯ ಫೋಟೋ ತೋರಿಸುತ್ತಾನೆ, ಮೇಲಿನದು, ಕೆಳಗಿನದು.
ಬೀನಾಳ ಲ್ಯಾಬ್ರಡಾರ್ ಸ್ನಾನಕ್ಕೆ ಮುಂಚೆ, ಸ್ನಾನದ ನಂತರ,
ಮತ್ತೆ ಕೆಸರಿನಲ್ಲಿ.

ನನ್ನ ಫೋನಿನಲ್ಲಿದ್ದದ್ದು ಬೇರೆಯವರು ತೆಗೆದ ಫೋಟೋ.
ಮೂರನೇ ಮಹಡಿಯ ಖೂರಿ ಮನೆಯವರು ಮಾಂಟ್ರಿಯಲ್‌ಗೆ ಹೊರಟಾಗ
ಡ್ಯೂಕ್ ಒಂದು ಮಹಡಿ ಇಳಿದು ನಮ್ಮವನಾದ,
ಆರು ವರ್ಷದವನು,
ಜೊತೆಗೆ ಅರ್ಧ ಚೀಲ ಕಾಳು, ಸೂಜಿ ಹಾಕಿಸಿದ ಪುಸ್ತಕ,
ಇನ್ನೂರ ಹನ್ನೊಂದು ಫೋಟೋ.
ಚೆನ್ನಾಗಿ ಕಲಿತವನು, ಹೇಳಿದ್ದು ಕೇಳುತ್ತಾನೆ, ಎಂದಿದ್ದರು.

ಯಾರು ಹೇಳಿದ್ದು?
ನಾನು ಇಂಗ್ಲಿಷಿನಲ್ಲಿ ಹೇಳಿದೆ. ಹೈಥಮ್ ಅರಬಿಯಲ್ಲಿ.
ಖೂರಿಯವರದು ಫ್ರೆಂಚ್ ಇರಬೇಕೆಂದು
ಬೀನಾ ಮಗಳನ್ನು ಕೇಳಿ ಅದನ್ನೂ ಹೇಳಿದಳು.
ಕೊನೆಗೆ ಸಿಟ್ಟು ಬಂದು ನಾನು, ಕುಂದ್ರೋ ಮಾರಾಯಾ!
ಡ್ಯೂಕ್ ನಿಂತೇ ಇದ್ದ,
ಪಾಸ್‌ಪೋರ್ಟ್ ಕಚೇರಿಯ ಗುಮಾಸ್ತ ನೋಡುವ ಹಾಗೆ ನೋಡುತ್ತ:
ಅರ್ಜಿಯಲ್ಲಿ ಏನೋ ಒಂದು ಬಿಟ್ಟಿದ್ದೀರಿ.

ನನ್ನ ಗಂಡ ವಿರೂಪಾಕ್ಷನಿಗೆ ನೀರಿನ ಕಾರ್ಖಾನೆಯಲ್ಲಿ ಕೆಲಸ.
ಹಗಲೆಲ್ಲ ಸಮುದ್ರದಿಂದ ಉಪ್ಪು ತೆಗೆದು
ರಾತ್ರಿ ಮನೆಗೆ ಬಂದು ಬ್ಯಾಳಿಗೆ ಉಪ್ಪು ಕೇಳುತ್ತಾನೆ.
ಅವತ್ತೂ ಕೇಳಿದ: ಉಪ್ಪು.
ಡ್ಯೂಕ್ ಕೂತ.
ಎಬ್ಬಿಸಿದೆವು. ಉಪ್ಪು. ಕೂತ.
ರೊಟ್ಟಿ ಅಂದೆವು, ಚಟ್ನಿ ಅಂದೆವು, ನಿಂತೇ ಇದ್ದ.
ಉಪ್ಪು. ಬಾಲ ಒಳಗೆಳೆದುಕೊಂಡು, ಎದೆ ಸೆಟೆಸಿ, ಕೂತ.
ಹೋದ ಜನ್ಮದಾಗ ಧಾರವಾಡದಾಗಿದ್ನೇನ, ಅಂದ ವಿರೂಪಾಕ್ಷ,
ನಾವು ನಕ್ಕು ನಕ್ಕು ಬ್ಯಾಳಿ ಆರಿಹೋಯಿತು.

ಮಾರನೇ ಸಂಜೆ ವಾದಿಯಲ್ಲಿ ಎಲ್ಲರ ಬಾಯಲ್ಲೂ ಉಪ್ಪು.
ವಿಲ್ಲಾದವರ ಎರಡು ಪೂಡಲ್ ಹಿಡಿದು
ದೂರದ ಕಲ್ಲಿನ ಮೇಲೆ ಕೂರುವ ಮಾರಿಸೆಲ್
ಯಾವತ್ತೂ ಫೋಟೋ ತೋರಿಸಿದವಳಲ್ಲ, ನಾವು ಕೇಳಿದವರೂ ಅಲ್ಲ.
ಎದ್ದು ಬಂದಳು.
ಉಪ್ಪು ಅಲ್ಲ ಮ್ಯಾಡಂ, ಉಪೋ.
ನಮ್ಮೂರ ಮಾತು, ಕೂರು ಅಂತ.
ಆಮೇಲೆ ಮೆಲ್ಲಗೆ, ಹಲಿಕಾ. ಅವನು ಬಂದ.
ಹಿಗಾ. ಮಲಗಿದ.
ಅವಳ ಮೊಣಕಾಲಿಗೆ ಮೂತಿ ಒತ್ತಿ ಎಷ್ಟು ಹೊತ್ತು ಮೂಸಿದ!
ನಾನಲ್ಲ ಕಣೋ, ಎಂದಿರಬೇಕು ಅವಳ ಭಾಷೆಯಲ್ಲಿ.

ರಾತ್ರಿ ಇನ್ನೂರ ಹನ್ನೊಂದನ್ನೂ ಮತ್ತೆ ನೋಡಿದೆ.
ಹುಟ್ಟುಹಬ್ಬ, ಸೋಫಾ, ಕ್ರಿಸ್‌ಮಸ್ ಟೋಪಿ,
ಮಕ್ಕಳೆಲ್ಲ ಕ್ಯಾಮೆರಾ ನೋಡುತ್ತಿದ್ದಾರೆ,
ನಾಯಿ ಮಾತ್ರ ಚೌಕಟ್ಟಿನ ಅಂಚಿಗೆ.
ಅಲ್ಲಿ ತಿಳಿನೀಲಿ ತೋಳು, ಬಿಳಿ ಪಟ್ಟಿ,
ಹಗ್ಗ ಹಿಡಿದ ಒಂದು ಕೈ.
ಹೆಸರೇನೆಂದು ಮಾಂಟ್ರಿಯಲ್‌ಗೆ ಬರೆದು ಕೇಳಿದೆ.
ಯಾವಳು? ಮೂರು ಜನ ಇದ್ದರು, ಎಂದು ಉತ್ತರ ಬಂತು,
ಜೊತೆಗೆ ನಗುವ ಒಂದು ಹಳದಿ ಮುಖ.

ನನ್ನ ಅಜ್ಜಿ ದೀಪ ಹಚ್ಚಿದ ಮೇಲೆ
ಉಪ್ಪಿನ ಹೆಸರು ಎತ್ತುತ್ತಿರಲಿಲ್ಲ, ರುಚಿ ಎನ್ನುತ್ತಿದ್ದಳು.
ಈಗ ನಾವೂ ಹಾಗೇ.
ರುಚಿ ಕೊಡು, ರುಚಿ ಸಾಕು.
ಸುಮ್ಮನೆ ಅವನನ್ನು ಕೂರಿಸಬಾರದಲ್ಲ.

ದಣಿದು ಬಂದ ದಿನ ವಿರೂಪಾಕ್ಷನಿಗೆ ಮರೆಯುತ್ತದೆ.
ನಿದ್ದೆಗಣ್ಣಿನಲ್ಲೇ ಎದ್ದು ಕೂರುತ್ತಾನೆ ಡ್ಯೂಕ್.
ಮೇಲಿನದೂ ಕೆಳಗಿನದೂ ಒಂದೇ ನಕ್ಷೆಯ ಮನೆ,
ಅಡುಗೆಮನೆಯ ಪಕ್ಕ ಕಿಟಕಿಯಿಲ್ಲದ ಆ ಸಣ್ಣ ಕೋಣೆ;
ನಾವು ಅದರಲ್ಲಿ ಅಕ್ಕಿ ಚೀಲ, ಸೂಟ್‌ಕೇಸು ಇಟ್ಟಿದ್ದೇವೆ.
ನಮ್ಮ ಕಡೆ ನೋಡುವುದಿಲ್ಲ ಅವನು.
ಅದರ ಬಾಗಿಲು ನೋಡುತ್ತಾನೆ.