ನಡಾವಳಿಯಲ್ಲಿ ಇಲ್ಲದ್ದು

ಪುಸ್ತಕದಲ್ಲಿ ಬರೆದದ್ದು ಇಷ್ಟೇ:
‘ಮುಂಗಡ ಮತದ ಪೆಟ್ಟಿಗೆ
ಏಳು ದಿನದ ಬದಲು ಎರಡು ದಿನ.
ಚರ್ಚಿಸಿ ಅಂಗೀಕರಿಸಲಾಯಿತು.’
ಭಾಂಡುಪ್, ರಾತ್ರಿಶಾಲೆಯ ಹಳೇ ವಿದ್ಯಾರ್ಥಿಗಳ ಸಂಘ,
ಭಾನುವಾರ, ಬೆಳಗ್ಗೆ ಹನ್ನೊಂದೂವರೆ.

ಪೆಟ್ಟಿಗೆಯೆಂದರೆ ಬಿಸ್ಕೀಟಿನ ಡಬ್ಬ,
ಮುಚ್ಚಳಕ್ಕೆ ಉಳಿಯಲ್ಲಿ ಹೊಡೆದ ಸೀಳು.
ಕೀಲಿ ಏಳು ರಾತ್ರಿಯೂ
ನನ್ನ ಉಡಿದಾರದಲ್ಲಿ.

ಆಳ್ವರು ಲೆಕ್ಕ ತಂದಿದ್ದರು. ಸುಳ್ಳಲ್ಲ, ಪಾಪ:
ಕರೆಂಟು, ಕಾವಲಿಗೆ ಇಬ್ಬರು, ಅವರ ಬೀಡಿ, ವಡಾಪಾವ್.
‘ಎರಡನೆಯ ದಿನ ಬಂದದ್ದು ಒಂದು ಓಟು. ಒಂದು!’
ಬೆರಳೆತ್ತಿ ತೋರಿಸಿದರು.

ಆ ಒಂದು ನನಗೆ ಗೊತ್ತು.
ಐತಪ್ಪ, ಮಸೀದಿ ಬಂದರಿನ ಕ್ಯಾಂಟೀನು.
ಹನ್ನೊಂದೂ ಚಿಲ್ಲರೆಯ ಲೋಕಲ್ಲಿನಲ್ಲಿ ಬಂದಿಳಿದು
ಕೈಯೊರೆಸಲು ಬಟ್ಟೆ ಕೇಳಿದ.
ಒರೆಸಿದರೂ ಚೀಟಿಗೆ ಸಾಂಬಾರಿನ ಹಳದಿ ಹತ್ತಿತು.
ಎಣಿಸುವ ದಿನ ಆ ಹಳದಿ
ಯಾರ ಕಟ್ಟಿಗೆ ಹೋಯಿತೆಂದು ಕಂಡೆ.
ಯಾರಿಗೂ ಹೇಳಿಲ್ಲ. ಇಲ್ಲೂ ಹೇಳುವುದಿಲ್ಲ.

ಆಮೇಲೆ ಸಿದ್ಲಿಂಗವ್ವ ಎದ್ದಳು,
ನಾನು ನಮ್ಮ ಕಡೆಯವಳೆಂದುಕೊಂಡಿದ್ದೆ:
‘ಹ್ವಾದ ಸಲ ಮೊದಲ್ನೇ ದಿನಾನ ಹಾಕಿದ್ನಿ, ಮಾಸ್ತರಿಗೆ.
ನಾಕನೇ ದಿನ ಮಾಸ್ತರು ತೀರಿಕೊಂಡ್ರು.
ನನ್ನ ಓಟು ವಾಪಸ್ ಕೊಡ್ರಿ ಅಂದ್ರ ಕೊಟ್ರೇನು?’

ಯಾರೂ ಕೆಮ್ಮಲೂ ಇಲ್ಲ.
ಮಾಸ್ತರಿಗೆ ಬಿದ್ದ ಹದಿನಾಲ್ಕು ಚೀಟಿ
ಇನ್ನೂ ನನ್ನ ಕಪಾಟಿನಲ್ಲಿವೆ,
ರಬ್ಬರ್ ಬ್ಯಾಂಡು ಒಣಗಿ ಅಂಟಿಕೊಂಡಿದೆ.
ಎಸೆಯಲು ನಿಯಮವಿಲ್ಲ,
ಇಟ್ಟುಕೊಳ್ಳಲೂ ಇಲ್ಲ.

‘ಕೈ ಎತ್ತಿ’ ಎಂದರು ಅಧ್ಯಕ್ಷರು.
ಹನ್ನೆರಡು ಗಂಟೆ, ಊರಿನ ಹೋಟೆಲುಗಳಲ್ಲೆಲ್ಲ
ಅನ್ನ ಬಸಿಯುವ ಹೊತ್ತು.
ಹಾಲಿನಲ್ಲಿದ್ದ ಹೋಟೆಲಿನವನು ಒಬ್ಬನೇ,
ಸದಸ್ಯ ಸಂಖ್ಯೆ ಮುನ್ನೂರ ಹನ್ನೆರಡು, ನೋಣಯ್ಯ,
ಎದುರಂಗಡಿಯಿಂದ ಚಹಾ ತಂದವನು;
ಹದಿನಾರು ಗ್ಲಾಸಿನ ಟ್ರೇ
ಎರಡೂ ಕೈಯಲ್ಲಿ ಹಿಡಿದು
ಎಣಿಕೆ ಮುಗಿಯುವ ತನಕ ಬಾಗಿಲಲ್ಲಿ ನಿಂತಿದ್ದ.

ಪರ ಒಂಬತ್ತು. ವಿರೋಧ ಆರು.
ನಾನು ಬರೆಯುತ್ತಿದ್ದೆ.
ಬರೆಯುವವನ ಕೈಯೂ ಖಾಲಿ ಇರುವುದಿಲ್ಲ —
ನೆಪ ಚೆನ್ನಾಗಿದೆ, ಮನೆಗೆ ಬಂದು
ಹೆಂಡತಿಗೂ ಅದನ್ನೇ ಹೇಳಿದೆ.

ಚಹಾಕ್ಕೆ ಸಕ್ಕರೆ ಜಾಸ್ತಿಯಾಗಿತ್ತು.
ಖರ್ಚಿನ ಪುಟದಲ್ಲಿ ಸೇರಿಸಿದೆ:
ಚಹಾ, ಹದಿನಾರು.
ತಂದವರ ಹೆಸರು ಬರೆಯುವ ರೂಢಿ
ನಮ್ಮಲ್ಲಿ ಇಲ್ಲ.