ಹಲ್ಲಿನ ಓರೆ

ರಾತ್ರಿ ಹನ್ನೊಂದೂವರೆ. ಕೆಳಗೆ ಸಾಮಿಲ್ಲು ಮುಚ್ಚಿದೆ.
ಹೊಟ್ಟಿನ ವಾಸನೆ ಮಾತ್ರ ಮೆಟ್ಟಿಲೇರಿ ಬಂದು
ಕೀಬೋರ್ಡಿನ ಸಂದಿಯಲ್ಲಿ ಕೂತಿದೆ.

ಪರದೆಯ ಮೇಲೆ ಒಂದು ಗೆರೆ:
ಸೊನ್ನೆಯಿಂದ ಒಂದಕ್ಕೆ ಏರುತ್ತದೆ, ಧೊಪ್ಪನೆ ಬೀಳುತ್ತದೆ.
ಮತ್ತೆ ಏರು, ಮತ್ತೆ ಧೊಪ್,
ಸೆಕೆಂಡಿಗೆ ನೂರಾಹತ್ತು ಸಲ.
ಇದಕ್ಕೆ ಗರಗಸದ ಅಲೆಯೆಂದು ಹೆಸರಿಟ್ಟವರು
ಯಾವೂರ ಸಾಮಿಲ್ಲಿನ ಮೇಲೆ ಬಾಡಿಗೆಗಿದ್ದರೋ.

ಒಂದೇ ಆದರೆ ಕಡ್ಡಿಪೆಟ್ಟಿಗೆಯೊಳಗಿನ ಜೀರುಂಡೆ.
ಏಳು ಮಾಡಿದೆ. ಏಳಕ್ಕೂ ಕೇಬಲ್ಲೆಳೆದೆ,
ಪರದೆ ತುಂಬ ಜೋತುಬಿದ್ದ ಬಣ್ಣದ ದಾರ.
ಒಟ್ಟಿಗೇ ಏರಿದವು, ಒಟ್ಟಿಗೇ ಬಿದ್ದವು.
ಅದೇ ಜೀರುಂಡೆ, ಏಳು ಪಟ್ಟು ಜೋರು.
ಮೀಟರು ಕೆಂಪಾಗಿ ಸ್ಪೀಕರು ಕೆಮ್ಮಿತು.

ಬೆಳಿಗ್ಗೆ ಮಂಡಕ್ಕಿ ತರಲು ಇಳಿದೆ.
ಆಜಾದ್ ನಗರದ ಮೇಲೆ ಭಟ್ಟಿಯ ಹೊಗೆ.
ಬುಡೇನ್ ಸಾಬರು ಬಾಗಿಲಲ್ಲೇ ಕೂತು
ಗರಗಸದ ಪಟ್ಟಿಗೆ ಅರ ಹಾಕುತ್ತಿದ್ದರು,
ಒಂದು ಹಲ್ಲು ಎಡಕ್ಕೆ, ಒಂದು ಬಲಕ್ಕೆ,
ಇಕ್ಕಳದಲ್ಲಿ ಹಿಡಿದು ಕೂದಲೆಳೆಯಷ್ಟು ಬಾಗಿಸಿ.
ನೆಟ್ಟಗಿದ್ದರೇ ಚಂದ ಅಲ್ಲವಾ ಸಾಬ್ರೇ?
ಎರಡು ಸಲ ಕೂಗಬೇಕಾಯಿತು;
ಬಲಗಿವಿಯನ್ನು ಮೋಟರು ಎಂದೋ ತಿಂದಿದೆ, ಎಡಗಿವಿ ಅರ್ಧ.
"ನೆಟ್ಟಗಿದ್ರೆ ಮರದಾಗೆ ಸಿಕ್ಕಿಹಾಕ್ಕಂತೈತೆ ಕಣವ್ವ.
ಓರೆ ಇಟ್ರೇನೇ ದಾರಿ ಅಗಲ ಆಗಾದು.
ಹೆಚ್ಚು ಓರೆ ಮಾಡಿದ್ಯೋ, ಹಲಗೆ ಹಾಳು."

ಮಂಡಕ್ಕಿ ಮರೆತು ಮೇಲೆ ಓಡಿದೆ.

ನಡುವಿನದನ್ನು ನೆಟ್ಟಗೆ ಬಿಟ್ಟೆ.
ಮೂರನ್ನು ಚೂರು ಕೆಳಕ್ಕೆ, ಮೂರನ್ನು ಚೂರು ಮೇಲಕ್ಕೆ,
ದಶಾಂಶದ ಬಿಂದು ದಾಟಿದ ಮೇಲಿನ ಅಂಕಿಗಳಲ್ಲಿ.
ಹೊರಡುವ ಮೆಟ್ಟಿಲೂ ಬೇರೆ ಬೇರೆ.
ಒಟ್ಟು ದನಿಯನ್ನು ಏಳರ ವರ್ಗಮೂಲದಿಂದ ಭಾಗಿಸಿದೆ
(ಎಲ್ಲಿಗೆ ಬರುತ್ತೆ ಸಾರ್ ಇದು, ಎಂದು ಕೇಳಿ
ಚಂದ್ರಮೌಳಿ ಮೇಷ್ಟ್ರ ಕೈಲಿ ಬೆಂಚು ಹತ್ತಿದ್ದು ನೆನಪು).

ಆಮೇಲೆ ಕೀ ಒತ್ತಿದೆ.

ಒಂದಕ್ಕೊಂದು ತಾಗಿ, ಸರಿದು, ಮತ್ತೆ ತಾಗಿ
ದನಿ ಉಸಿರೆಳೆಯಿತು. ಹರಿಹರದ ಕಡೆಯ ಗೂಡ್ಸು
ದೂರದಲ್ಲಿ ತಿರುಗುವಾಗ ಹೀಗೇ,
ಇದೆಯೋ ಇಲ್ಲವೋ ಎನ್ನುವ ಹಾಗೆ ತೂಗುತ್ತದೆ.

ಸಂಜೆ ಸಾಬರು ಬಂದರು, ನೀರಿನ ಬಿಲ್ಲು ಹಿಡಿದು.
ಕೇಳಿಸುವುದಿಲ್ಲ ಅಂತ ಅಂಗೈಯನ್ನೇ ಸ್ಪೀಕರಿಗೆ ಇಟ್ಟರು.
ಬಹಳ ಹೊತ್ತು ತೆಗೆಯಲಿಲ್ಲ.
ತೆಗೆದಾಗ ಉದುರಿದ ಹೊಟ್ಟು
ಮೇಜಿನ ಮೇಲೆ ಗುಂಪಾಗುತ್ತ, ಚೆದುರುತ್ತ, ಗುಂಪಾಗುತ್ತ.

"ಏನ್ ಕೊಯ್ತೈತವ್ವ ಇದು?"
ಇನ್ನೂ ಏನೂ ಇಲ್ಲ, ಎಂದು ಕೂಗಿದೆ.
"ಹಂಗಾರೆ ಹಲ್ಲು ಚೂಪಾಗೈತೆ," ಅಂದರು,
"ಜ್ವಾಕೆ."