ಸಾವಿರಕ್ಕೆ ಇಷ್ಟು

ಮಧ್ಯಾಹ್ನ ಮೂರಕ್ಕೆ ತಡ್ಪೆ ಹಿಡಿದು
ನಾನು ಅವರ ಜಗಲಿಗೆ ಹೋಗಿ ಕೂರುವುದು.
ಕೊಯಿಪ್ಪಾಡಿಯ ಕಡಪ್ಪುರದಲ್ಲಿ ಆ ಹೊತ್ತಿಗೆ ಗಾಳಿ ಅಲ್ಲಿ ಮಾತ್ರ.
ಒಳಗೆ ಅವಳ ಎಣಿಕೆ: ಇಸಾ, ದಲವಾ, ತತ್ಲೊ.
ಮೂರಕ್ಕೆ ಸೇಸಮ್ಮ ಮಗ್ಗುಲು ಹೊರಳಿದಳು.

ಎಡಭಾಗ ಬಿದ್ದುಹೋದ ಅತ್ತೆ ಅರವತ್ತೆರಡು ಕಿಲೋ,
ಎತ್ತುವವಳು ನಲವತ್ತೈದು.
ಬೆನ್ನಲ್ಲ, ಮೊಣಕಾಲು ಬಗ್ಗಿಸಬೇಕು ಎಂದು
ದೋಹಾದಲ್ಲಿ ಕಲಿಸಿದ್ದರಂತೆ. ಸರ್ಟಿಫಿಕೇಟ್ ಇದೆ,
ಅಕ್ಕಿ ಡಬ್ಬದ ಹಿಂದೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ.

ಅಲ್ಲಿ ಒಬ್ಬಳು ಅರಬಿ ಮುದುಕಿಯನ್ನು ಹೀಗೆಯೇ ಹೊರಳಿಸಲು
ತಿಂಗಳಿಗೆ ಸಾವಿರದ ಆರುನೂರು ರಿಯಾಲ್.
ಅರ್ಧ ಬತಾಂಗಾಸಿಗೆ, ತಮ್ಮಂದಿರ ಫೀಸಿಗೆ.
ಒಂದು ಶುಕ್ರವಾರ ಸಮುದ್ರದ ಬದಿಯ ಬೆಂಚಿನಲ್ಲಿ
ಪುರಂದರ ಸಿಕ್ಕಿದ. ಹಡಗಿನ ಆಯಿಲರ್.
ಒಳ್ಳೆಯವನೇ. ಕುಡಿಯುವುದಿಲ್ಲ,
ನಗು ಬಂದರೆ ತಲೆ ತಗ್ಗಿಸುತ್ತಾನೆ.
ಹರಿವಾಣದ ಅಕ್ಕಿಯಲ್ಲಿ ಜೊವೆಲಿನ್ ಅಳಿಸಿ
ಜಲಜಾಕ್ಷಿ ಎಂದು ಬರೆಸಿದರು.
ಹದಿನೇಳನೆಯ ದಿನ ಅವನು ಹಡಗು ಹತ್ತಿದ.
ಕೆಲಸ ಅದೇ. ಸಂಬಳ ಮಾತ್ರ
ಕರಿಮಣಿ ಕಟ್ಟಿದ ದಿನವೇ ನಿಂತಿತು.

ನಾನೇನೂ ಅಷ್ಟು ದೂರದಿಂದ ಬಂದವಳಲ್ಲ.
ಉಚ್ಚಿಲದಿಂದ ಒಂದು ಗಂಟೆಯ ಬಸ್ಸು, ತಲಪಾಡಿ ಗೇಟು ದಾಟಿದರಾಯಿತು.
ಹೆಣ್ಣು ನೋಡಲು ಬಂದವರು ಅಡುಗೆಯ ಸುದ್ದಿ ಎತ್ತಲಿಲ್ಲ;
‘ದಿನಕ್ಕೆ ಎಷ್ಟು ಬೀಡಿ ಕಟ್ಟುತ್ತಾಳೆ?’ ಎಂದರು.
ಎಂಟುನೂರು, ಎಂದ ನನ್ನ ಅಪ್ಪ,
ಇನ್ನೂರು ಸೇರಿಸಿ.

ರೇಷನ್ ಕಾರ್ಡಿಗೆ ಹೆಸರು ಹಾಕಿಸಲು
ಇಬ್ಬರೂ ಅಕ್ಷಯ ಸೆಂಟರಿಗೆ ಹೋದೆವು.
ಅರ್ಜಿ ಮಲಯಾಳದಲ್ಲಿ. ಅವಳಿಗೆ ಓದಲು ಬಾರದು,
ಇಪ್ಪತ್ತಾರು ವರ್ಷದಿಂದ ನನಗೂ ಬಾರದು.
‘ಜೋಲಿ?’ ಎಂದ ಹುಡುಗ ತಲೆ ಎತ್ತದೆ.
ನಮ್ಮಲ್ಲಿ ಜೋಲಿ ಎಂದರೆ ಮಗುವನ್ನು ತೂಗುವ ಬಟ್ಟೆ,
ಅವನ ಭಾಷೆಯಲ್ಲಿ ಉದ್ಯೋಗ.
ನಾನು ಬಾಯಿ ತೆರೆಯುವಷ್ಟರಲ್ಲಿ
‘ಇಲ್ಲ’ ಎಂದು ಒತ್ತಿಬಿಟ್ಟ.
ಮೂವತ್ತು ರೂಪಾಯಿ ತೆಗೆದುಕೊಂಡ.

ಬರುವಾಗ ರೈಲು ಗೇಟು ಬಿದ್ದಿತ್ತು. ಬಿಸಿಲಲ್ಲಿ ನಿಂತು
ಅವಳು ತನ್ನ ಊರಿನ ಮಾತು ಹೇಳಿಕೊಟ್ಟಳು.
ಮುಖಕ್ಕೆ ಅವರೂ ಮುಖಾ ಎನ್ನುತ್ತಾರಂತೆ!
ದುಃಖ? ಕೇಳಿದೆ. ಅದೂ ಇದೆ ಅಕ್ಕಾ,
ಆದರೆ ನಮ್ಮಲ್ಲಿ ದುಖಾ ಎಂದರೆ ಬಡವರು.
ಗೂಡ್ಸ್ ಗಾಡಿ ಉದ್ದಕ್ಕೆ ಹೋಗುತ್ತಲೇ ಇತ್ತು.

ಬತಾಂಗಾಸಿನಲ್ಲಿ ಅವಳ ತಾಯಿಯೂ ಈಗ ಮಲಗಿದಲ್ಲೇ.
ಹೊರಳಿಸುವುದು ಪಕ್ಕದ ಮನೆಯ ಹುಡುಗಿ, ಸಂಬಳಕ್ಕೆ.
ಆ ಸಂಬಳವನ್ನು ಇವಳು ಹಡಗಿಗೆ ರೇಂಜ್ ಸಿಕ್ಕ ದಿನ
ಗಂಡನಲ್ಲಿ ಕೇಳಬೇಕು.
ಅವನು ಇಲ್ಲ ಎಂದವನಲ್ಲ.
‘ಆದರೂ ಕೇಳಬೇಕಲ್ಲಾ,’ ಅನ್ನುತ್ತಾಳೆ ತುಳುವಿನಲ್ಲಿ,
ಎಲೆಯ ನರ ತೆಗೆಯುತ್ತಾ.

ಹೌದು, ಕಲಿಯುತ್ತಿದ್ದಾಳೆ. ಬೆರಳು ಚುರುಕು, ನೂಲು ಸಡಿಲ.
ಮೊನ್ನೆ ಅವಳ ಇನ್ನೂರನ್ನು ನನ್ನ ಪಾಸ್‌ಬುಕ್ಕಿಗೆ ಸೇರಿಸಿ
ಬ್ರಾಂಚಿಗೆ ಕೊಟ್ಟೆ. ಅರವತ್ತು ಹರಿದು ಹಾಕಿದರು.
ಉಳಿದದ್ದಕ್ಕೆ ಮೂವತ್ತಾರು ರೂಪಾಯಿ.
ಕೈಯಲ್ಲಿಟ್ಟೆ. ಎಣಿಸಿದಳು,
ಮತ್ತೆ ಎಣಿಸಿದಳು, ಜೋಪಾನವಾಗಿ,
ಯಾರದೋ ದುಡ್ಡು ಎಂಬ ಹಾಗೆ.

ಒಳಗಿನಿಂದ ಸೇಸಮ್ಮ ಕರೆದಳು: ಜಲಜಾ.
ಅವಳು ಏಳಲಿಲ್ಲ.
ಜಲಜಾ.
ನೋಟು ಮಡಚಿ ಕುಪ್ಪಸಕ್ಕೆ ಸಿಕ್ಕಿಸಿದಳು.
ಮೂರನೆಯ ಸಲ ಮುದುಕಿ ಯಾವ ಹೆಸರು ಕರೆದಳೋ,
ಅಲೆಯ ಸದ್ದಿಗೆ ನನಗೆ ಕೇಳಿಸಲಿಲ್ಲ.
ಅದಕ್ಕೆ ಎದ್ದು ಹೋದಳು.